ಬೇಲಿ ಪಕ್ಕದ ಜಿಂಕೆ ಬೇಟೆ: ಅಮೆರಿಕದ ಹಳ್ಳಿಗಳಲ್ಲಿ ಏನು ಸರಿ, ಏನು ಸರಿಯಲ್ಲ?

ನವೆಂಬರ್ 15 ಬಂತೆಂದರೆ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಬಂದೂಕಿನ ಜಿಂಕೆ ಬೇಟೆ ಶುರುವಾಗುತ್ತದೆ. ಸೋಮವಾರವಾಗಲಿ, ಭಾನುವಾರವಾಗಲಿ, ತಾರೀಖು ಮಾತ್ರ ಬದಲಾಗುವುದಿಲ್ಲ. ಕೆಲವು ಊರುಗಳಲ್ಲಿ ಅಂದು ಶಾಲೆಗೂ ರಜೆ. ಡೆಟ್ರಾಯಿಟ್ ಸುತ್ತಮುತ್ತ ಕಾರು ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡದವರು ಬೇಕಾದಷ್ಟು ಇದ್ದಾರೆ. ಪೇಟೆ ಸಾಕಾಗಿ ಐದೋ ಹತ್ತೋ ಎಕರೆ ಜಾಗವಿರುವ ಮನೆ ಕೊಂಡವರೂ ಇದ್ದಾರೆ. ಅಂಥವರಿಗೆ ಮೊದಲ ನವೆಂಬರ್ ಸ್ವಲ್ಪ ಗಾಬರಿಯದ್ದೇ. ಸೂರ್ಯ ಹುಟ್ಟುವ ಮೊದಲೇ ಈಡಿನ ಸದ್ದು. ಬೇಲಿಯಾಚೆ ಮರದ ಮೇಲೊಂದು ಅಟ್ಟಣೆ. ಅದರ ಮೇಲೆ ಕಿತ್ತಳೆ ಜಾಕೆಟ್ ಹಾಕಿಕೊಂಡು ಬಂದೂಕು ಹಿಡಿದು ಕೂತ ಮನುಷ್ಯ. ಪೊಲೀಸರಿಗೆ ಫೋನ್ ಮಾಡಬೇಕಾ? ಅವನು ಅಲ್ಲಿ ಕೂರಬಹುದಾ? ಅವನು ಹೊಡೆದ ಜಿಂಕೆ ನಮ್ಮ ಜಾಗಕ್ಕೆ ಬಂದು ಬಿದ್ದರೆ?

ಈ ಪ್ರಶ್ನೆಗಳಿಗೆ ನಮ್ಮ ಊರಿನ ಅನುಭವದಿಂದ ಉತ್ತರ ಸಿಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಜಿಂಕೆ ಹೊಡೆಯುವುದು ನೇರ ಅಪರಾಧ. ಮಲೆನಾಡು, ಕೊಡಗಿನ ಹಿರಿಯರ ಶಿಕಾರಿ ಕತೆಗಳು ಕತೆಗಳಾಗಿಯೇ ಉಳಿದಿವೆ. ಅಮೆರಿಕದಲ್ಲಿ ಹಾಗಲ್ಲ. 1900ರ ಹೊತ್ತಿಗೆ ಅಲ್ಲಿನ ಬಿಳಿಬಾಲದ ಜಿಂಕೆ ಅಂದಾಜು 5 ಲಕ್ಷಕ್ಕೆ ಇಳಿದಿತ್ತು. ಮಾಂಸ, ಚರ್ಮ ಮಾರುವುದಕ್ಕೆಂದೇ ಲೆಕ್ಕವಿಲ್ಲದೆ ಹೊಡೆದಿದ್ದರು. ಆಮೇಲೆ ಮಾರಾಟ ನಿಷೇಧ, ಲೈಸೆನ್ಸ್, ಋತು, ಒಬ್ಬರಿಗೆ ಇಷ್ಟೇ ಎಂಬ ಮಿತಿ ಎಲ್ಲ ಬಂದವು. ಈಗ ಸುಮಾರು 3 ಕೋಟಿ ಇವೆ. ಜಿಂಕೆ ತಿನ್ನುವ ತೋಳ ಮತ್ತು ಬೆಟ್ಟದ ಸಿಂಹ (ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕು) ಬಹುತೇಕ ಕಡೆ ಇಲ್ಲವಾದ್ದರಿಂದ ಸಂಖ್ಯೆ ಹಿಡಿತದಲ್ಲಿಡಲು ಬೇಟೆಗಾರರೇ ಬೇಕು. ಹಾಗಾಗಿ ಅಲ್ಲಿ ಲೈಸೆನ್ಸ್ ಇರುವ ಬೇಟೆಗಾರ ಕಳ್ಳನಲ್ಲ. ಸರ್ಕಾರದ ಲೆಕ್ಕದಲ್ಲಿ ಬೇಕಾದವನೇ.

ಜಿಂಕೆ ಯಾರದ್ದು?

ಗೊಂದಲದ ಬೇರು ಇರುವುದು ಇಲ್ಲೇ. ಜಾಗ ನಿಮ್ಮದು. ಅದರ ಮೇಲೆ ಓಡಾಡುವ ಜಿಂಕೆ ನಿಮ್ಮದಲ್ಲ. ಹಳ್ಳದ ನೀರು ನಿಮ್ಮ ಗದ್ದೆ ದಾಟಿ ಹೋದ ಮಾತ್ರಕ್ಕೆ ಹಳ್ಳ ನಿಮ್ಮದಾಗುವುದಿಲ್ಲ, ಅಲ್ವಾ? ಹಾಗೇ ಇದು. ಇಂಗ್ಲೆಂಡಿನಲ್ಲಿ ಬೇಟೆಯ ಹಕ್ಕು ರಾಜನಿಗೆ, ಜಮೀನ್ದಾರರಿಗೆ ಸೇರಿತ್ತು. ಅಮೆರಿಕಕ್ಕೆ ಹೋಗಿ ನೆಲೆಸಿದವರಿಗೆ ಆ ಪದ್ಧತಿ ಹಿಡಿಸಲಿಲ್ಲ. ಕಾಡುಪ್ರಾಣಿಗಳು ಎಲ್ಲ ಜನರ ಸೊತ್ತು, ರಾಜ್ಯ ಸರ್ಕಾರ ಜನರ ಪರವಾಗಿ ಅದನ್ನು ನೋಡಿಕೊಳ್ಳುತ್ತದೆ ಎಂಬ ಲೆಕ್ಕ ಅಲ್ಲಿ ನಿಂತಿತು.

ಹಾಗಾದರೆ ಅದು ಒಬ್ಬರ ಸ್ವಂತ ಆಗುವುದು ಯಾವಾಗ? ಅಮೆರಿಕದ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಒಂದು ಹಳೇ ಮೊಕದ್ದಮೆ ಇದೆ. ನ್ಯೂಯಾರ್ಕ್‌ನ ಲಾಂಗ್ ಐಲೆಂಡ್‌ನಲ್ಲಿ ಪೋಸ್ಟ್ ಎಂಬಾತ ನಾಯಿಗಳನ್ನು ಬಿಟ್ಟು ನರಿಯೊಂದನ್ನು ಓಡಿಸಿಕೊಂಡು ಬರುತ್ತಿದ್ದ. ನಡುವೆ ಪಿಯರ್ಸನ್ ಎಂಬಾತ ನುಗ್ಗಿ, ಅವನ ಕಣ್ಣೆದುರೇ ನರಿಯನ್ನು ಕೊಂದು ಹೊತ್ತೊಯ್ದ. 1805ರಲ್ಲಿ ಕೋರ್ಟು ಪಿಯರ್ಸನ್ ಪರ ತೀರ್ಪು ಕೊಟ್ಟಿತು. ಬರೀ ಅಟ್ಟಿಸಿಕೊಂಡು ಹೋದರೆ ಪ್ರಾಣಿ ನಿನ್ನದಾಗುವುದಿಲ್ಲ, ಹಿಡಿಯಬೇಕು, ಇಲ್ಲವೇ ತಪ್ಪಿಸಿಕೊಳ್ಳಲಾಗದಂತೆ ಗಾಯ ಮಾಡಿರಬೇಕು ಎಂದಿತು. ಇನ್ನೂರು ವರ್ಷ ಕಳೆದರೂ ಈ ಮಾತಿಗೆ ಬೆಲೆ ಇದೆ. ಬೇಲಿ ಪಕ್ಕದ ಜಗಳಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ.

ಒಂದು ಜಿಂಕೆ ಸುಮಾರು ಒಂದು ಚದರ ಮೈಲಿ ಜಾಗದಲ್ಲಿ ಓಡಾಡಿಕೊಂಡಿರುತ್ತದೆ. ಅಂದರೆ 640 ಎಕರೆ. ನವೆಂಬರ್ ಅವುಗಳ ಬೆದೆಯ ಕಾಲ, ಗಂಡು ಜಿಂಕೆಗಳು ಇನ್ನೂ ದೂರ ಅಲೆಯುತ್ತವೆ. ಹತ್ತು ಎಕರೆಯವನು "ನಾನು ಮೂರು ವರ್ಷದಿಂದ ನೋಡಿಕೊಂಡು ಬಂದ ಜಿಂಕೆ, ಪಕ್ಕದವನು ಹೊಡೆದುಬಿಟ್ಟ" ಎಂದು ಗೊಣಗುವುದನ್ನು ಕೇಳಬಹುದು. ಅವನ ಸಂಕಟ ಅರ್ಥವಾಗುತ್ತದೆ. ಆದರೆ ಆ ಜಿಂಕೆ ಹತ್ತಾರು ಮನೆಗಳ ಹಿತ್ತಿಲಲ್ಲಿ ಮೇಯ್ದು ಬೆಳೆದದ್ದು.

ಅಳತೆ ಮನೆಯಿಂದ, ಬೇಲಿಯಿಂದ ಅಲ್ಲ

ಹೊಸಬರು ಜಾಸ್ತಿ ತಪ್ಪು ತಿಳಿಯುವುದು ಈ ವಿಷಯದಲ್ಲಿ. ಕಾನೂನು ಹೇಳುವ ದೂರ ಸಾಮಾನ್ಯವಾಗಿ ಕಟ್ಟಡದಿಂದ ಅಳೆಯುವಂಥದ್ದು. ಪೆನ್ಸಿಲ್ವೇನಿಯಾದಲ್ಲಿ ಜನ ವಾಸಿಸುವ ಮನೆಯಿಂದ 150 ಗಜದೊಳಗೆ, ಆ ಮನೆಯವರ ಒಪ್ಪಿಗೆ ಇಲ್ಲದೆ, ಬಂದೂಕಿನಿಂದ ಬೇಟೆಯಾಡುವಂತಿಲ್ಲ. ಬಿಲ್ಲಾದರೆ 50 ಗಜ. ಮಿಶಿಗನ್‌ನಲ್ಲೂ ಬಂದೂಕಿಗೆ 150 ಗಜ. ನ್ಯೂಯಾರ್ಕ್‌ನಲ್ಲಿ ಬಂದೂಕಿಗೆ 500 ಅಡಿ, ಅಡ್ಡಬಿಲ್ಲಿಗೆ 250 ಅಡಿ, ಮಾಮೂಲಿ ಬಿಲ್ಲಿಗೆ 150 ಅಡಿ.

ಗಡಿ ಗೆರೆಯಿಂದ ಇಷ್ಟು ದೂರ ಇರಲೇಬೇಕು ಎಂಬ ನಿಯಮ ಬಹುತೇಕ ರಾಜ್ಯಗಳಲ್ಲಿ ಇಲ್ಲ. ನಿಮ್ಮ ಮನೆ ದೂರದಲ್ಲಿದ್ದರೆ ಪಕ್ಕದವನು ಬೇಲಿಗೆ ಅಂಟಿಕೊಂಡಂತೆ ಅಟ್ಟಣೆ ಕಟ್ಟಿದರೂ ಕಾನೂನು ಅವನನ್ನು ತಡೆಯುವುದಿಲ್ಲ. ಗುಂಡಿನ ವಿಷಯ ಮಾತ್ರ ಬೇರೆ. ಟೆಕ್ಸಸ್‌ನಲ್ಲಿ ಲಿಖಿತ ಒಪ್ಪಿಗೆ ಇಲ್ಲದೆ ಗುಂಡು ಪಕ್ಕದವರ ಗಡಿ ದಾಟಿದರೆ ಅದೇ ಒಂದು ಅಪರಾಧ, ಯಾರಿಗೂ ಏಟು ಬೀಳದಿದ್ದರೂ. ಬೇರೆ ಕಡೆ ಕಾನೂನಿನ ಮಾತು ಬೇರೆ ಇರಬಹುದು, ಆದರೆ ಬೇಲಿಯಾಚೆ ಗುಂಡು ಹಾರಿಸುವುದನ್ನು ಒಪ್ಪುವ ಬೇಟೆಗಾರರು ಎಲ್ಲೂ ಇಲ್ಲ. ರೈಫಲ್ ಗುಂಡು ಗುರಿ ತಪ್ಪಿದರೆ ಮೈಲಿಗಟ್ಟಲೆ ಹೋಗಬಲ್ಲದು. ಜಿಂಕೆಯ ಹಿಂದೆ ಗುಂಡನ್ನು ತಡೆಯುವ ಮಣ್ಣಿನ ದಿಬ್ಬವೋ ಇಳಿಜಾರೋ ಇದೆಯೇ ಎಂದು ನೋಡದೆ ಬಂದೂಕಿನ ಕುದುರೆ (ಟ್ರಿಗರ್) ಎಳೆಯಬಾರದು. ದಿಬ್ಬದ ನೆತ್ತಿಯಲ್ಲಿ, ಆಕಾಶಕ್ಕೆ ಎದುರಾಗಿ ನಿಂತ ಜಿಂಕೆಗೆ ಗುರಿ ಇಡಬಾರದು. ಅಟ್ಟಣೆ ಎತ್ತರದಲ್ಲಿದ್ದರೆ ಗುಂಡು ನೆಲದ ಕಡೆಗೇ ಇಳಿಯುತ್ತದೆ, ಅದರ ಒಂದು ಲಾಭ ಇದು.

ಇನ್ನು ಕಾನೂನು ಸುಮ್ಮನಿರುವ ಜಾಗದಲ್ಲಿ ಮರ್ಯಾದೆ ಶುರುವಾಗುತ್ತದೆ. ಬೇಲಿಯ ಮೇಲೇ ಕೂರುವವರನ್ನು ಅಲ್ಲಿನ ಬೇಟೆಗಾರರು ಒಳ್ಳೆಯ ಮಾತಿನಲ್ಲಿ ನೆನೆಯುವುದಿಲ್ಲ. ಕಾರಣ ಸರಳ. ಬೇಲಿಯ ಮೇಲೆ ಕೂತವನು ಅರ್ಧ ನೋಟ ಪಕ್ಕದವನ ಜಮೀನಿನ ಮೇಲೇ ಇಟ್ಟಿರುತ್ತಾನೆ. ಅಲ್ಲಿಂದ ಹೊರಡುವ ಜಿಂಕೆಗೆ ಕಾಯುತ್ತಿರುತ್ತಾನೆ. ಜಾಗ ಇದ್ದಲ್ಲಿ ನೂರು ಗಜವಾದರೂ ಒಳಗೆ ಬನ್ನಿ. ಜಾಗ ಕಿರಿದಾಗಿದ್ದು ಬೇಲಿ ಹತ್ತಿರವೇ ಕೂರಬೇಕಾದರೆ ಅಟ್ಟಣೆಯ ಮುಖ ನಿಮ್ಮ ಜಮೀನಿನ ಕಡೆ ಇರಲಿ, ಬೆನ್ನು ಬೇಲಿಗೆ. ಪ್ರಾಣಿಗಳ ಓಡಾಟ ನೋಡಲು ಮರಕ್ಕೆ ಕಟ್ಟುವ ಟ್ರೇಲ್ ಕ್ಯಾಮೆರಾಗಳಿಗೂ ಇದೇ ಮಾತು.

ಇದರಲ್ಲಿ ಎದುರಿಗಿರುವವರೂ ಸ್ವಲ್ಪ ಯೋಚಿಸಬೇಕು. ಉದ್ದನೆಯ ಪಟ್ಟಿಯಂಥ ಜಮೀನು ಇರುವವನಿಗೆ ನೂರು ಗಜ ಒಳಗೆ ಬಂದರೆ ಆಚೆ ಬದಿಯ ಬೇಲಿಯೇ ಸಿಗುತ್ತದೆ. ಅವನು ಗಡಿಯಲ್ಲಿ ಕೂತ ಎಂದು ಸಿಟ್ಟಾದರೆ ಅರ್ಥವಿಲ್ಲ. ಹೇಳಿ ಕೂತನಾ, ಹೇಳದೆ ಕೂತನಾ ಎಂಬುದರಲ್ಲೇ ವ್ಯತ್ಯಾಸ ಇರುವುದು.

ಗಾಯಗೊಂಡ ಜಿಂಕೆ ಬೇಲಿ ದಾಟಿದರೆ

ಸಿನಿಮಾದಲ್ಲಿ ಈಡು ಬಿದ್ದ ಕೂಡಲೇ ಪ್ರಾಣಿ ಅಲ್ಲೇ ಕುಸಿಯುತ್ತದೆ. ನಿಜವಾಗಿ ಹಾಗಾಗುವುದು ಕಡಿಮೆ. ಹೃದಯಕ್ಕೋ ಶ್ವಾಸಕೋಶಕ್ಕೋ ಸರಿಯಾಗಿ ಏಟು ಬಿದ್ದ ಜಿಂಕೆಯೂ ನೂರು ಗಜ ಓಡಿಹೋಗಿ ಬೀಳುವುದು ತೀರಾ ಮಾಮೂಲು. ಬಾಣ ರಕ್ತ ಹರಿಸಿ ಕೊಲ್ಲುತ್ತದೆ, ಹಾಗಾಗಿ ಬಿಲ್ಲಿನ ಬೇಟೆಯಲ್ಲಿ ಓಟ ಇನ್ನೂ ಜಾಸ್ತಿ ಇರಬಹುದು. ಬಿಲ್ಲು ಸದ್ದು ಮಾಡುವುದಿಲ್ಲ, ಮನೆಗೆ ಹತ್ತಿರ ಕೂರಲು ಅವಕಾಶವೂ ಇದೆ ಎಂದು ಪಕ್ಕದವರು ಅದನ್ನು ನಿರಪಾಯ ಎಂದುಕೊಳ್ಳುತ್ತಾರೆ. ಗಡಿಯ ಲೆಕ್ಕದಲ್ಲಿ ನೋಡಿದರೆ ಬಿಲ್ಲಿನದೇ ದೊಡ್ಡ ತಲೆನೋವು.

ಈಗ ಲೆಕ್ಕ ಹಾಕಿ. ಬೇಲಿಯಿಂದ 20 ಗಜದಲ್ಲಿ ಕೂತು ಹೊಡೆದರೆ, ಜಿಂಕೆ ನೂರು ಗಜ ಓಡಿದರೆ, ಅದು ಬೀಳುವುದು ಯಾರ ಜಾಗದಲ್ಲಿ? ಬೇಟೆಗಾರ ಕೇಳಿಕೊಳ್ಳಬೇಕಾದ ಪ್ರಶ್ನೆ "ನಾನು ಕೂತದ್ದು ನನ್ನ ಜಾಗದಲ್ಲೇ ತಾನೇ?" ಎಂಬುದಲ್ಲ. "ಇದು ಎಲ್ಲಿ ಹೋಗಿ ಬೀಳುತ್ತದೆ?" ಎಂಬುದು. ಈ ಒಂದು ಪ್ರಶ್ನೆ ಸರಿಯಾಗಿ ಕೇಳಿಕೊಂಡರೆ ಉಳಿದ ಮರ್ಯಾದೆ ಮುಕ್ಕಾಲು ಪಾಲು ತಾನಾಗಿ ಬರುತ್ತದೆ ಎಂದು ನನಗನ್ನಿಸುತ್ತದೆ.

ದಾಟಿಯೇ ಬಿಟ್ಟಿತು ಎಂದುಕೊಳ್ಳಿ. ಆಗ ಎರಡು ಕಾನೂನು ಎದುರು ಬದುರಾಗುತ್ತವೆ. ಹೊಡೆದ ಪ್ರಾಣಿಯನ್ನು ಹುಡುಕಿ ತರದೆ ಕೊಳೆಯಲು ಬಿಡುವುದು ಅನೇಕ ರಾಜ್ಯಗಳಲ್ಲಿ ಅಪರಾಧ. ಒಪ್ಪಿಗೆ ಇಲ್ಲದೆ ಪಕ್ಕದವರ ಜಮೀನಿಗೆ ಕಾಲಿಡುವುದೂ ಅಪರಾಧ. ಯಾವುದು ಮೇಲು? ಹೆಚ್ಚಿನ ಕಡೆ ಜಮೀನಿನ ಹಕ್ಕೇ ಮೇಲು. ಮಿಶಿಗನ್, ವಿಸ್ಕಾನ್ಸಿನ್ ಎರಡರಲ್ಲೂ ಒಪ್ಪಿಗೆ ಕೇಳದೆ ಹೋಗುವಂತಿಲ್ಲ. ಮಿನೆಸೋಟ ಸ್ವಲ್ಪ ಬೇರೆ. ಅಲ್ಲಿ ಪ್ರವೇಶ ನಿಷೇಧದ ಫಲಕ ಹಾಕದ ಜಮೀನಿಗೆ, ಕಾನೂನುಬದ್ಧವಾಗಿ ಹೊಡೆದು ಗಾಯಗೊಂಡ ಪ್ರಾಣಿಯನ್ನು ತರಲು ಕಾಲ್ನಡಿಗೆಯಲ್ಲಿ ಹೋಗಲು ಕೆಲವು ಷರತ್ತುಗಳ ಮೇಲೆ ಅವಕಾಶವಿದೆ. ವರ್ಜೀನಿಯಾದ್ದು ಇನ್ನೂ ವಿಚಿತ್ರ. ನಾಯಿ ಬಿಟ್ಟು ಬೇಟೆಯಾಡುವವರು ಫಲಕ ಹಾಕಿದ ಜಮೀನಿನೊಳಗೂ ತಮ್ಮ ನಾಯಿಯನ್ನು ಕರೆತರಲು ಹೋಗಬಹುದು, ಬಂದೂಕು ಒಯ್ಯುವಂತಿಲ್ಲ. ಆ ರಾಜ್ಯದಲ್ಲಿ ಜಮೀನಿನವರಿಗೂ ನಾಯಿ ಬೇಟೆಗಾರರಿಗೂ ಈ ವಿಷಯಕ್ಕೆ ವರ್ಷಗಳಿಂದ ಜಟಾಪಟಿ ನಡೆದೇ ಇದೆ. ಓದಲು ಬಾರದ ನಾಯಿಗೆ ಫಲಕ ಹಾಕಿ ಏನು ಪ್ರಯೋಜನ ಎಂದು ಒಂದು ಪಕ್ಷ, ಓದಲು ಬರುವ ನಿನಗೆ ಏನಾಗಿದೆ ಎಂದು ಇನ್ನೊಂದು ಪಕ್ಷ.

ಸರಿಯಾದ ನಡತೆ ಏನು? ಮೊದಲು, ಓಡಬೇಡಿ. ಏಟು ಬಿದ್ದ ಜಿಂಕೆಯ ಹಿಂದೆ ತಕ್ಷಣ ಹೋದರೆ ಅದು ಎದ್ದು ಇನ್ನೂ ದೂರ ಹೋಗುತ್ತದೆ. ಒಳ್ಳೆಯ ಏಟಾದರೆ ಅರ್ಧ ಗಂಟೆ, ಹೊಟ್ಟೆಗೆ ಬಿದ್ದ ಏಟಾದರೆ ಎಂಟು ಹತ್ತು ಗಂಟೆ ಕಾಯುವುದು ರೂಢಿ. ಈ ಕಾಯುವ ಹೊತ್ತನ್ನು ಪಕ್ಕದವರಿಗೆ ಫೋನ್ ಮಾಡಲು ಬಳಸಿಕೊಳ್ಳಬಹುದು. ರಕ್ತದ ಜಾಡು ಬೇಲಿ ಮುಟ್ಟಿದ ಜಾಗದಲ್ಲಿ ಒಂದು ಗುರುತು ಕಟ್ಟಿ ನಿಲ್ಲಬೇಕು. ಒಪ್ಪಿಗೆ ಸಿಕ್ಕಿದರೆ ಬಂದೂಕನ್ನು ಈಚೆಯೇ ಬಿಟ್ಟು ಹೋಗುವುದು ಮರ್ಯಾದೆ. ಜಿಂಕೆಗೆ ಇನ್ನೂ ಜೀವ ಇರಬಹುದಾದರೆ ಅದನ್ನೂ ಮುಂಚೆಯೇ ಹೇಳಿ ಕೇಳಿಕೊಳ್ಳಬೇಕು. ಜಮೀನಿನವರು ಜೊತೆಗೆ ಬರುತ್ತೇನೆಂದರೆ ಬರಲಿ. ಅವರ ಜಾಗದಲ್ಲಿ ಹೊಟ್ಟೆ ಸೀಳಿ ಕರುಳು ಬಿಟ್ಟು ಬರಬಾರದು, ಎಳೆದು ತಂದು ನಿಮ್ಮ ಜಾಗದಲ್ಲಿ ಆ ಕೆಲಸ ಮಾಡಬೇಕು. ಹೊಲದಲ್ಲಿ ಗಾಡಿ ಓಡಿಸಬಾರದು, ತೆರೆದ ಗೇಟು ಮುಚ್ಚಬೇಕು. ಇವೆಲ್ಲ ಎಲ್ಲಾ ಊರಲ್ಲೂ ಗೊತ್ತಿರುವ ಮಾತುಗಳೇ.

ಪಕ್ಕದವರು ಬೇಡ ಎಂದರೆ? ಅಲ್ಲಿಗೆ ಮುಗಿಯಿತು. ವಾದ ಮಾಡುವಂತಿಲ್ಲ, ಕತ್ತಲಾದ ಮೇಲೆ ಮೆಲ್ಲಗೆ ನುಗ್ಗುವಂತಿಲ್ಲ. ಬೇಟೆ ಇಲಾಖೆಯ ಅಧಿಕಾರಿಗೆ ಫೋನ್ ಮಾಡಬಹುದು. ಅವರು ಜಮೀನಿನವರ ಹತ್ತಿರ ಮಾತಾಡಿ ನೋಡುತ್ತಾರೆ, ಆದರೆ ಬಲವಂತ ಮಾಡಲು ಅವರಿಂದಲೂ ಆಗುವುದಿಲ್ಲ. ಹಾಗೆಂದು ಜಮೀನಿನವರು ಆ ಜಿಂಕೆಯನ್ನು ತಮ್ಮ ಫ್ರೀಜರಿಗೆ ತುಂಬಿಕೊಳ್ಳಲೂ ಬಹುತೇಕ ಕಡೆ ಕಾನೂನು ಬಿಡುವುದಿಲ್ಲ. ಒಳಗೆ ಬಿಡದಿರುವ ಹಕ್ಕು ಅವರದ್ದು, ಜಿಂಕೆಯ ಹಕ್ಕು ಅವರದ್ದಲ್ಲ. ಕೊನೆಗೆ ಅದು ಯಾರಿಗೂ ಸಿಗದೆ ಕೊಳೆಯುತ್ತದೆ.

ನಮ್ಮವರಲ್ಲಿ ಮಾಂಸ ಮುಟ್ಟದ ಮನೆಗಳು ಅನೇಕ. ಅವರು ತಮ್ಮ ಜಾಗದಲ್ಲಿ ಬೇಟೆ ಬೇಡ ಎಂದು ಫಲಕ ಹಾಕಬಹುದು, ಅದರಲ್ಲಿ ತಪ್ಪೇನೂ ಇಲ್ಲ. ಆದರೂ ಸತ್ತ ಜಿಂಕೆಯನ್ನು ತೆಗೆದುಕೊಂಡು ಹೋಗಲು ಮಾತ್ರ ಒಪ್ಪುವುದು ಒಳ್ಳೆಯದು. ಹೋದ ಜೀವ ಹೋಯಿತು. ತಡೆದರೆ ಜಿಂಕೆಗೆ ಲಾಭವಿಲ್ಲ, ನಿಮ್ಮ ಹಿತ್ತಿಲಿಗೆ ನಾಲ್ಕು ದಿನ ವಾಸನೆ, ಪಕ್ಕದವರ ಜೊತೆ ನಾಲ್ಕು ವರ್ಷ ಮುಖ ತಿರುವು. ಆಮೇಲೆ ಅವರು ಪ್ರೀತಿಯಿಂದ ಒಂದು ಪೊಟ್ಟಣ ಮಾಂಸ ತಂದರೆ "ನಾವು ತಿನ್ನುವುದಿಲ್ಲ, ಕೇಳಿದ್ದೇ ಸಂತೋಷ" ಎಂದರೆ ಸಾಕು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸದ್ದು ಮಾಡಿ ಓಡಿಸಿದರೆ ನೀವೇ ತಪ್ಪಿತಸ್ಥರು

ಪಕ್ಕದವನು ಬೇಟೆಗೆ ಕೂತಿದ್ದಾನೆಂದು ಗೊತ್ತಾಗಿ, ಜಿಂಕೆ ಉಳಿಯಲಿ ಎಂದು ಬೇಲಿ ಬಳಿ ಹೋಗಿ ಪಾತ್ರೆ ಬಡಿಯಬೇಕು ಅನ್ನಿಸಬಹುದು. ಬೇಡ. ಕಾನೂನುಬದ್ಧ ಬೇಟೆಗೆ ಬೇಕೆಂದೇ ಅಡ್ಡಿ ಮಾಡುವುದರ ವಿರುದ್ಧ 50 ರಾಜ್ಯಗಳಲ್ಲೂ ಕಾನೂನಿದೆ. ನಿಮ್ಮ ಮಾಮೂಲಿ ಕೆಲಸಕ್ಕೆ ಅಡ್ಡಿಯಿಲ್ಲ. ಹುಲ್ಲು ಕತ್ತರಿಸಿ, ಮಕ್ಕಳನ್ನು ಆಡಲು ಬಿಡಿ. ಉದ್ದೇಶ ಏನು ಎಂಬುದೇ ಇಲ್ಲಿ ಮುಖ್ಯ. ಆ ದಿನಗಳಲ್ಲಿ ಹಿತ್ತಿಲ ಕಾಡಂಚಿಗೆ ಹೋಗುವಾಗ ನೀವೂ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಳ್ಳಿ, ನಾಯಿಗೂ ಒಂದು ಅಂಗಿ ತೊಡಿಸಿ. ಜಿಂಕೆಗೆ ಕಿತ್ತಳೆ ನಮಗೆ ಕಂಡಂತೆ ಎದ್ದು ಕಾಣುವುದಿಲ್ಲ, ಮನುಷ್ಯರಿಗೆ ದೂರದಿಂದಲೇ ಕಾಣುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಬಂದೂಕಿನ ಋತುವಿನಲ್ಲಿ ಬೇಟೆಗಾರರು ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಕಿತ್ತಳೆ ತೊಡಲೇಬೇಕು.

ಜಿಂಕೆ ಸೆಳೆಯಲು ಬೇಲಿ ಪಕ್ಕ ಜೋಳ ಸುರಿಯುವುದೂ ಜಗಳದ ಮೂಲ. ಟೆಕ್ಸಸ್‌ನಲ್ಲಿ ಅದು ಮಾಮೂಲು. ಮಿಶಿಗನ್‌ನ ಕೆಳ ಪರ್ಯಾಯ ದ್ವೀಪದಲ್ಲಿ, ಅಂದರೆ ರಾಜ್ಯದ ದಕ್ಷಿಣ ಭಾಗದಲ್ಲಿ, ಜಿಂಕೆಗಳ ಮೆದುಳು ತಿನ್ನುವ ಒಂದು ರೋಗ ಹರಡದಿರಲೆಂದು 2019ರಿಂದ ನಿಷೇಧವಿದೆ.

ಗಡಿ ಎಲ್ಲಿದೆ ಅಂತ ಗೊತ್ತಾ?

ನಮ್ಮಲ್ಲಿ ಬಾಂದು ಕಲ್ಲು, ಬದು, ಅಗಳು ಇದ್ದ ಹಾಗೆ ಅಲ್ಲಿನ ಕಾಡು ಜಮೀನಿಗೆ ಎಷ್ಟೋ ಕಡೆ ಬೇಲಿಯೇ ಇರುವುದಿಲ್ಲ. ಹಳೇ ಬೇಲಿ ಇದ್ದರೂ ಅದೇ ಗಡಿ ಎಂದು ನಂಬುವಂತಿಲ್ಲ, ದನ ತಡೆಯಲು ಯಾವನೋ ಅನುಕೂಲ ಕಂಡಲ್ಲಿ ಕಟ್ಟಿರಬಹುದು. ಫೋನಿನಲ್ಲಿ ಜಮೀನಿನ ಗೆರೆ ತೋರಿಸುವ ಆನ್‌ಎಕ್ಸ್‌ನಂಥ ಆ್ಯಪ್‌ಗಳು ಬಂದಿವೆ. ತುಂಬಾ ಉಪಯೋಗ. ಆದರೆ ಆ ಗೆರೆ ಕೆಲವು ಗಜ ಆಚೀಚೆ ಇರಬಹುದು, ಅದು ಸರ್ವೆ ಅಲ್ಲ. ಆ್ಯಪ್ ತೋರಿಸಿ ಬೇಲಿ ಹತ್ತಿರ ವಾದಕ್ಕೆ ನಿಲ್ಲುವುದು ಹುಂಬತನ.

ಮರಕ್ಕೆ ನೇರಳೆ ಬಣ್ಣದ ಪಟ್ಟೆ ಬಳಿದಿರುವುದನ್ನು ಕಂಡರೆ ಅದು ಅಲಂಕಾರ ಎಂದುಕೊಳ್ಳಬೇಡಿ. ಟೆಕ್ಸಸ್, ಮಿಸೌರಿ, ಇಲಿನಾಯ್, ಪೆನ್ಸಿಲ್ವೇನಿಯಾದಂಥ ರಾಜ್ಯಗಳಲ್ಲಿ ಅದಕ್ಕೆ ಪ್ರವೇಶವಿಲ್ಲ ಎಂದೇ ಅರ್ಥ. ಫಲಕವನ್ನು ಕಿತ್ತೆಸೆಯಬಹುದು, ಬಣ್ಣವನ್ನು ಕೀಳಲಾಗದು. ಟೆಕ್ಸಸ್‌ನಲ್ಲಿ ಪಟ್ಟೆ ಕನಿಷ್ಠ 8 ಇಂಚು ಉದ್ದ, 1 ಇಂಚು ಅಗಲ ಇರಬೇಕು. ಅದರ ಕೆಳ ತುದಿ ನೆಲದಿಂದ 3ರಿಂದ 5 ಅಡಿ ಎತ್ತರದಲ್ಲಿರಬೇಕು. ಕಾಡು ಜಮೀನಾದರೆ 100 ಅಡಿಗೊಂದು.

ಗಡಿ ತಿಳಿಯದ ತಪ್ಪು ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದನ್ನು ವಿಸ್ಕಾನ್ಸಿನ್ ಕಂಡಿದೆ. 2004ರ ನವೆಂಬರ್ 21ರಂದು ಸಾಯರ್ ಕೌಂಟಿಯಲ್ಲಿ, ಮಿನೆಸೋಟದಿಂದ ಬಂದಿದ್ದ, ಆಗ್ನೇಯ ಏಷ್ಯಾ ಮೂಲದ ಮೋಂಗ್ ಸಮುದಾಯದ ಒಬ್ಬ ಬೇಟೆಗಾರ ಖಾಸಗಿ ಜಮೀನಿನ ಅಟ್ಟಣೆ ಹತ್ತಿ ಕೂತಿದ್ದ. ಜಮೀನಿನ ಕಡೆಯವರು ಬಂದು ಇಳಿಸಿದರು, ಮಾತಿಗೆ ಮಾತು ಬೆಳೆಯಿತು. ಅವನು ಎಂಟು ಜನರ ಮೇಲೆ ಗುಂಡು ಹಾರಿಸಿದ. ಆರು ಜನ ಸತ್ತರು. ತನ್ನ ಜನಾಂಗವನ್ನು ಹಿಡಿದು ಬೈದರು, ಮೊದಲು ತನ್ನ ಮೇಲೆ ಗುಂಡು ಹಾರಿತು ಎಂದು ಅವನು ಹೇಳಿದ. ಬದುಕಿ ಉಳಿದವರು ಒಪ್ಪಲಿಲ್ಲ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. 2007ರ ಜನವರಿಯಲ್ಲಿ ಅದೇ ರಾಜ್ಯದ ಸಾರ್ವಜನಿಕ ಕಾಡಿನಲ್ಲಿ ಒಬ್ಬ ಮೋಂಗ್ ಬೇಟೆಗಾರನನ್ನು ಬಿಳಿಯ ಬೇಟೆಗಾರನೊಬ್ಬ ಕೊಂದ. ಹೊರಗಿನಿಂದ ಬಂದು ನೆಲೆಸಿದವರು ಈ ಎರಡೂ ಘಟನೆಗಳನ್ನು ತಿಳಿದಿರಬೇಕು. ಕಾಡಿನಲ್ಲಿ ಬಂದೂಕು ಹಿಡಿದವರ ಜೊತೆ ಗಡಿ ತಕರಾರು ಮಾಡುವಂತಿಲ್ಲ. ಜಾಗ ಯಾರದ್ದೇ ಇರಲಿ, ಮೊದಲು ಅಲ್ಲಿಂದ ಹೊರಡಬೇಕು. ಗಾಡಿ ನಂಬರ್ ಬರೆದುಕೊಂಡು ಇಲಾಖೆಗೆ ಫೋನ್ ಮಾಡಬೇಕು. ಮಾತು ಆಮೇಲೆ, ಹಗಲಲ್ಲಿ.

ಆಗಸ್ಟ್‌ನಲ್ಲೇ ಮಾತಾಡಿ

ಬೇಟೆ ಆಡುವವರಾಗಲಿ, ಆಡದವರಾಗಲಿ, ಪಕ್ಕದವರನ್ನು ಕಾಣಲು ಒಳ್ಳೆಯ ಕಾಲ ಬೇಸಿಗೆಯ ಕೊನೆ. ಋತುವಿನ ಹಿಂದಿನ ರಾತ್ರಿ ಹೋಗಿ ಬಾಗಿಲು ಬಡಿದರೆ ಬೇಡ ಎಂಬ ಉತ್ತರವೇ ಬರುವುದು ಜಾಸ್ತಿ. ಹಗಲಲ್ಲಿ, ಮಾಮೂಲಿ ಬಟ್ಟೆಯಲ್ಲಿ ಹೋಗಿ. ಎಲ್ಲಿ ಕೂರುತ್ತೀರಿ, ಯಾವ ದಿಕ್ಕಿಗೆ ಹೊಡೆಯುತ್ತೀರಿ, ಗಾಡಿ ಎಲ್ಲಿ ನಿಲ್ಲಿಸುತ್ತೀರಿ ಹೇಳಿ. ನಿಮಗೆ ಬೇಟೆ ಬೇಡವೆಂದಾದರೆ ಮಕ್ಕಳು ಯಾವ ಮೂಲೆಯಲ್ಲಿ ಆಡುತ್ತಾರೆ, ಕುದುರೆ ಎಲ್ಲಿ ಕಟ್ಟುತ್ತೀರಿ ಹೇಳಿ. ಫೋನ್ ನಂಬರ್ ಕೊಟ್ಟು ತೆಗೆದುಕೊಳ್ಳಿ. ಜಿಂಕೆ ದಾಟಿದರೆ ಏನು ಮಾಡುವುದು ಎಂಬ ಮಾತು ಜಿಂಕೆ ದಾಟುವ ಮೊದಲೇ ಮುಗಿದಿರಲಿ.

ಒಳಗೆ ಬಿಟ್ಟರೆ, ಅವನು ಬಿದ್ದು ಕಾಲು ಮುರಿದುಕೊಂಡು ನಮ್ಮ ಮೇಲೆ ಕೇಸು ಹಾಕಿದರೆ ಎಂಬ ಭಯ ಅಮೆರಿಕದಲ್ಲಿ ಸಹಜವೇ. ಅದಕ್ಕೆಂದೇ ಎಲ್ಲ ರಾಜ್ಯಗಳಲ್ಲೂ ಒಂದು ಕಾನೂನಿದೆ. ದುಡ್ಡು ತೆಗೆದುಕೊಳ್ಳದೆ ಬೇಟೆಗೋ ನಡಿಗೆಗೋ ಜಾಗ ಬಿಟ್ಟುಕೊಟ್ಟವರ ಹೊಣೆ ಬಹಳ ಕಡಿಮೆ. ಬಾಡಿಗೆ ತೆಗೆದುಕೊಂಡರೆ ಆ ರಕ್ಷಣೆ ಹೋಗಬಹುದು, ಆಗ ವಿಮೆಯವರನ್ನು ಒಮ್ಮೆ ಕೇಳಬೇಕು.

ಬಾಯಿ ಮಾತಿನ ಒಪ್ಪಿಗೆ ಹಲವು ಕಡೆ ಸಾಕಾಗುತ್ತದೆ. ಓಹಾಯೋದಲ್ಲಿ ಖಾಸಗಿ ಜಮೀನಿನಲ್ಲಿ ಬೇಟೆಯಾಡಲು ಬರಹದಲ್ಲೇ ಬೇಕು. ನನ್ನನ್ನು ಕೇಳಿದರೆ ಎಲ್ಲೇ ಇರಲಿ, ಬರೆದುಕೊಡುವುದೇ ಲೇಸು. ಹೆಸರು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಬಿಲ್ಲೋ ಬಂದೂಕೋ, ಜೊತೆಗೆ ಬೇರೆಯವರನ್ನು ಕರೆತರಬಹುದೋ ಇಲ್ಲವೋ, ಇಷ್ಟಿದ್ದರೆ ಸಾಕು. ಆ ಒಪ್ಪಿಗೆ ಆ ವರ್ಷಕ್ಕೆ, ಆ ಮನುಷ್ಯನಿಗೆ ಮಾತ್ರ. ಅವನ ಭಾವಮೈದುನನಿಗಲ್ಲ. ಪಕ್ಕದ ಜಮೀನು ಮಾರಾಟವಾಗಿ ಹೊಸಬರು ಬಂದರೆ ಹಳೇ ಚೀಟಿ ಹರಿದು ಹಾಕಿ, ಮತ್ತೆ ಹೋಗಿ ಬಾಗಿಲು ತಟ್ಟಬೇಕು.